ಒಗೆಯುವ ಕಲ್ಲಿನ ಶಾಸನ

"ಗುರುಗಳೇ, ಹೆಚ್ಚು ತಿಳಿದವನಿಗೆ ಹೆಚ್ಚು ಕಾಣುತ್ತದೆ ಅಲ್ಲವೇ?" ಎಂದು ಚನ್ನವೀರ ಕೇಳಿದ.

ಅವನು ಆ ವಾರವಷ್ಟೇ ವ್ಯಾಕರಣ ಮುಗಿಸಿ ಛಂದಸ್ಸಿಗೆ ಕೈ ಹಾಕಿದ್ದ. ಉತ್ತರ ಹೌದೆಂದೇ ಬರಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಬಂದು ಕೇಳಿದ ಪ್ರಶ್ನೆ ಅದು. 

"ಕಾಣುತ್ತದೆ," ಎಂದರು ಗುರುಗಳು. "ಕೆಲವು ಸಲ ಇರುವುದಕ್ಕಿಂತಲೂ ಹೆಚ್ಚು ಕಾಣುತ್ತದೆ. ಕುಳಿತುಕೋ. ಒಬ್ಬ ಪಂಡಿತನ ಕತೆ ಹೇಳುತ್ತೇನೆ. ಅವನ ಹೆಸರು ಕೇಳಬೇಡ, ಸಂಕೋಚದ ಮನುಷ್ಯ."

ಹೀಗೆಂದು ಅವರು ಕತೆ ಹೇಳಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಯ ದಡದಲ್ಲಿ ಒಂದು ಒಗೆಯುವ ಕಲ್ಲು. ಅದು ಮಡಿವಾಳರ ದೇವೀರಮ್ಮನದು. ಅವಳ ಅತ್ತೆ ಅದರ ಮೇಲೆ ಒಗೆದಿದ್ದಳು. ಅತ್ತೆಯ ಅತ್ತೆಯೂ ಒಗೆದಿದ್ದಳು. ಒಗೆಯುವ ಕಲ್ಲೆಂದರೆ ಸಿಕ್ಕಿದ ಕಲ್ಲಲ್ಲ. ಒರಟಾದರೆ ಬಟ್ಟೆ ಹರಿಯುತ್ತದೆ, ನುಣುಪಾದರೆ ಕೊಳೆ ಬಿಡುವುದಿಲ್ಲ. ಮೂರು ತಲೆಮಾರು ಬಡಿದ ಮೇಲೆ ಅದಕ್ಕೊಂದು ಹದ ಬರುತ್ತದೆ. ಗಂಡ ತೀರಿಕೊಂಡ ಮೇಲೆ ದೇವೀರಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದುದು ಆ ಕಲ್ಲಿನಿಂದಲೇ. ಊರಿನ ಬಟ್ಟೆಯೆಲ್ಲ ಅವಳು ಒಗೆಯುತ್ತಿದ್ದಳು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವಳಿಗೆ ವರ್ಷದ ಕೂಲಿಯೆಂದು ಆಯದ ರಾಗಿ ಕೊಡುತ್ತಿದ್ದರು. ಆ ರಾಗಿಯಲ್ಲಿ ವರ್ಷ ಕಳೆಯುತ್ತಿತ್ತು.

ಆ ಊರಿಗೆ ಒಬ್ಬ ಪಂಡಿತ ಬಂದ. ಶಾಸನ ಓದುವುದು ಅವನ ಕಸುಬು. ಹಾಳುಗುಡಿಯ ಗೋಡೆ, ಹೊಲದ ಬದು, ಬಾವಿಯ ಕಟ್ಟೆ, ಎಲ್ಲಿ ಹಳೆಯ ಅಕ್ಷರ ಕಂಡರೂ ಅಲ್ಲೇ ಕೂತು ಓದುತ್ತಿದ್ದ. ಇನ್ನೂರು ಶಾಸನ ಓದಿದ್ದ. ಬೇರೆಯವರಿಗೆ ಬರೀ ಗೀರು ಕಾಣುವ ಕಡೆ ಅವನಿಗೆ ಅರಸರು ಕಾಣುತ್ತಿದ್ದರು. ಇದರಲ್ಲಿ ಮೋಸವಿರಲಿಲ್ಲ. ಆ ಇನ್ನೂರೂ ನಿಜವಾದ ಶಾಸನಗಳೇ. ಎಡವಟ್ಟಾದದ್ದು ಇನ್ನೂರ ಒಂದನೆಯದರಲ್ಲಿ.

ಅವನು ಪಟೇಲನ ಮನೆಯಲ್ಲಿ ಇಳಿದುಕೊಂಡು ಬೆಳಗ್ಗೆ ಸ್ನಾನಕ್ಕೆ ಕೆರೆಗೆ ಹೋದ. ಬಿಚ್ಚಿದ ಪಂಚೆ ಇಡಲು ಜಾಗ ಹುಡುಕಿದಾಗ ಕಲ್ಲು ಸಿಕ್ಕಿತು. ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಕಲ್ಲಿನ ಮೇಲೆ ಗೀರುಗಳಿದ್ದವು. ಅವನು ಓದಿದ ಶಾಸನಗಳೆಲ್ಲ 'ಸ್ವಸ್ತಿ ಶ್ರೀ' ಎಂದೇ ಶುರುವಾಗುತ್ತಿದ್ದವು. ಆದ್ದರಿಂದ ಅವನು ಕಲ್ಲಿನ ಎಡಗಡೆಯ ಮೇಲ್ತುದಿಯನ್ನು ನೋಡಿದ. 'ಸ್ವಸ್ತಿ ಶ್ರೀ' ಅಲ್ಲೇ ಇತ್ತು.

ಸ್ನಾನ ಮರೆತುಹೋಯಿತು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಊರೊಳಗೆ ಓಡಿದ. ಪಂಚೆ ಕೈಯಲ್ಲಿದೆ ಎಂದರೆ ಸೊಂಟದಲ್ಲಿ ಇಲ್ಲವೆಂದು ಅರ್ಥ. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸರು ಎದ್ದು ಒಳಗೆ ಹೋದರು.

"ಪಟೇಲರೇ, ನಿಮ್ಮ ಊರಿಗೆ ಸಾವಿರ ವರ್ಷ!" ಎಂದು ಕೂಗಿದ.

"ಆಗ್ಲಿ ಸ್ವಾಮಿ. ಮೊದ್ಲು ಪಂಚೆ ಉಟ್ಕೊಳ್ಳಿ," ಎಂದ ಪಟೇಲ.

ಪಟೇಲ ಬಂದು ಕಲ್ಲು ನೋಡಿದ. ಅವನಿಗೆ ಕಲ್ಲು ಕಂಡಿತು. ಪಂಡಿತ ತಿಳಿಸುಣ್ಣ ತರಿಸಿ ಗೀರುಗಳಿಗೆ ತುಂಬಿದ. ಬೇಕಾದ ಗೀರಿಗೆ ತುಂಬಿದ. ಬೇಡದ ಗೀರನ್ನು ಕಾಲದ ಹೊಡೆತ ಎಂದು ಬಿಟ್ಟ. ಆಮೇಲೆ ಪಟೇಲನಿಗೂ ಅಕ್ಷರ ಕಂಡಿತು. ಸುದ್ದಿ ಕೇಳಿ ಊರೇ ಬಂತು. ಊರಿಗೆಲ್ಲ ಕಂಡಿತು. ಓದು ಬಾರದವರಿಗೆ ಇನ್ನೂ ಚೆನ್ನಾಗಿ ಕಂಡಿತು. ಅವರಿಗೆ ಅಡ್ಡ ಬರಲು ಬೇರೆ ಅಕ್ಷರ ಗೊತ್ತಿರಲಿಲ್ಲ.

ಅಷ್ಟರಲ್ಲಿ ದೇವೀರಮ್ಮ ಕತ್ತೆಯ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಬಂದಳು. ತನ್ನ ಕಲ್ಲಿನ ಸುತ್ತ ಊರು ನಿಂತಿದ್ದು ನೋಡಿ ಗಾಬರಿಯಾದಳು. ವಿಷಯ ತಿಳಿದ ಮೇಲೆ ನಕ್ಕಳು.

"ಅದು ಅಕ್ಸರ ಅಲ್ಲ ಸ್ವಾಮಿ," ಎಂದಳು. "ಈ ಉದ್ದದ ಗೆರೆ ನಮ್ಮತ್ತೆ ಹುಲ್ಲು ಕೊಯ್ಯೋ ಕುಡ್ಲು ಮಸ್ದಿದ್ದು. ಈ ಗುಂಡಗಿರೋದು ನಮ್ಮ ಯಜಮಾನ್ರು ಅಡಿಕೆ ಕುಟ್ತಿದ್ದ ಜಾಗ. ಇಗೋ ಈ ಮೂಲೇದು ನಾನೇ. ಮದ್ವೆ ಆದ ವರ್ಸ ಸಿಟ್ಟು ಬಂದು ಕಲ್ಲಿಗೆ ಕುಡ್ಲು ಹೊಡ್ದಿದ್ದೆ."

"ಅಮ್ಮಾ, ನೀನು ಇದರ ಮೇಲೆ ಬಟ್ಟೆ ಒಗೆದೆ, ಓದಲಿಲ್ಲ," ಎಂದು ಪಂಡಿತ ಮೃದುವಾಗಿ ಹೇಳಿದ.

ಊರು ನಕ್ಕಿತು. "ಓದ್ಕೊಂಡೋರು ಹೇಳ್ತಾ ಇರುವಾಗ ಬಾಯಿ ಹಾಕ್ಬೇಡ ಕಣಮ್ಮಿ," ಎಂದು ಪಟೇಲ ಗದರಿದ. ನಾಲ್ಕು ಆಳುಗಳು ಕಲ್ಲನ್ನು ಮೀಟಿ ಎತ್ತಿ, ಹೊತ್ತುಕೊಂಡು ಹೋಗಿ, ಊರ ಚಾವಡಿಯ ಮುಂದೆ ನಿಲ್ಲಿಸಿದರು. ಸುತ್ತ ಮಣ್ಣಿನ ಕಟ್ಟೆ ಕಟ್ಟಿದರು. ಕಲ್ಲಿಗೆ ಕುಂಕುಮವಾಯಿತು, ಹೂವಾಯಿತು. ದೇವೀರಮ್ಮ ಖಾಲಿ ಗುಂಡಿಯ ಪಕ್ಕದಲ್ಲಿ ಗಂಟು ಇಳಿಸಿಕೊಂಡು ಕೂತಳು. ಅವಳ ಪರವಾಗಿ ಮಾತಾಡಲು ಇದ್ದದ್ದು ಕತ್ತೆ ಒಂದೇ.

ಪಂಡಿತ ಓದುತ್ತ ಹೋದ. ಮೊದಲನೆಯ ಸಾಲಿನಲ್ಲಿ ಮಂಗಳವಾಯಿತು. ಮುಂದಿನ ಮೂರು ಸಾಲಿನಲ್ಲಿ ಅರಸನ ಬಿರುದುಗಳು ಬಂದವು. "ಸ್ವಾಮಿ, ನಮ್ಮ ವಂಶದ್ದು ಏನಾದ್ರೂ ಇದೆಯಾ?" ಎಂದು ಪಟೇಲ ವಿನಯದಿಂದ ಕೇಳಿದ. ಮಧ್ಯಾಹ್ನ ಪಟೇಲನ ಮನೆಯಲ್ಲಿ ಒಬ್ಬಟ್ಟಿನ ಊಟವಾಯಿತು. ಸಂಜೆಗೆ ಆರನೆಯ ಸಾಲಿನಲ್ಲಿ ಪಟೇಲನ ಪೂರ್ವಜ ಸಿಕ್ಕಿದ.

ಇಲ್ಲಿ ಚನ್ನವೀರ ನಡುವೆ ಬಾಯಿ ಹಾಕಿದ. "ಹಾಗಾದರೆ ಆ ಪಂಡಿತರು ಸುಳ್ಳು ಹೇಳಿದರು."

"ಇಲ್ಲ," ಎಂದರು ಗುರುಗಳು. "ಸುಳ್ಳುಗಾರನಿಗೆ ನಿಜ ಯಾವುದೆಂದು ಗೊತ್ತಿರುತ್ತದೆ. ಇವನಿಗೆ ಅಷ್ಟೂ ಗೊತ್ತಿರಲಿಲ್ಲ. ಇವನಿಗೆ ಕಂಡಿತು. ಒಬ್ಬಟ್ಟು ತಿಂದ ಮೇಲೆ ಇನ್ನೂ ಸ್ಪಷ್ಟವಾಗಿ ಕಂಡಿತು. ಮುಂದೆ ಕೇಳು."

ದೇವೀರಮ್ಮ ಬೇರೆ ಒಂದು ಕಲ್ಲು ಹುಡುಕಿ ಒಗೆಯತೊಡಗಿದಳು. ಅದು ಒರಟು. ಮೊದಲ ದಿನ ಪಟೇಲನ ಜರಿ ಪಂಚೆ ಹರಿಯಿತು. ಎರಡನೆಯ ದಿನ ಪಂಡಿತನ ಉತ್ತರೀಯ ಹರಿಯಿತು. ಕಲ್ಲು ಬದಲಾಗಿದೆ ಎಂದು ಯಾರಿಗೂ ಹೊಳೆಯಲಿಲ್ಲ. ದೇವೀರಮ್ಮನ ಕೈ ಕೆಟ್ಟಿದೆ ಎಂದರು. ಮೂರನೆಯ ದಿನದಿಂದ ಮನೆಮನೆಯಲ್ಲೂ ಸೀರೆಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕತೊಡಗಿದರು. ಹುಡುಕಿದವರಿಗೆಲ್ಲ ಸಿಕ್ಕಿತು. ಶಾನುಭೋಗರ ಹೆಂಡತಿಗೆ, ಇನ್ನೂ ಒಗೆಯಲು ಹಾಕದಿದ್ದ ಸೀರೆಯಲ್ಲೂ ದೇವೀರಮ್ಮ ಮಾಡಿದ ತೂತು ಸಿಕ್ಕಿತು.

ಪಟೇಲ ಅವಳನ್ನು ಕರೆಸಿದ. "ಇನ್ನು ಎಂಟು ದಿನ ನೋಡ್ತೀವಿ. ಸರಿಹೋಗ್ಲಿಲ್ಲ ಅಂದ್ರೆ ಪಕ್ಕದೂರಿನೋರಿಗೆ ಬಟ್ಟೆ ಹಾಕ್ತೀವಿ. ಆಯಾನೂ ಅವ್ರಿಗೇ ಹೋಗ್ತದೆ," ಎಂದ.

ದೇವೀರಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಅಲ್ಲಿಂದ ನೇರ ಚಾವಡಿಗೆ ಹೋಗಿ ಪಂಡಿತನ ಮುಂದೆ ಕೂತಳು.

"ನಂಗೂ ತೋರ್ಸಿ ಸ್ವಾಮಿ," ಎಂದಳು. "ಊರಿಗೆಲ್ಲ ಕಾಣ್ತದೆ, ನಂಗೆ ಮಾತ್ರ ಸುಣ್ಣ ಕಾಣ್ತದೆ. ಕಲ್ಲು ಹೋದ್ರೂ ಯಾಕೆ ಹೋಯ್ತು ಅಂತನಾದ್ರೂ ಗೊತ್ತಾಗ್ಲಿ."

ಪಂಡಿತನಿಗೆ ಸಂತೋಷವಾಯಿತು. ಕಲಿಯುತ್ತೇನೆ ಎಂದು ಯಾರು ಬಂದರೂ ಪಂಡಿತರಿಗೆ ಸಂತೋಷವಾಗುತ್ತದೆ. ಅವನು ಧೂಳಿನಲ್ಲಿ 'ಶ್ರೀ' ಬರೆದು ತೋರಿಸಿದ. ಅವಳು ಧೂಳು ನೋಡಿದಳು, ಕಲ್ಲು ನೋಡಿದಳು. ಎರಡು ದಿನ ಕಾಣಲಿಲ್ಲ. ಪ್ರತಿ ಗೆರೆಯಲ್ಲೂ ಅವಳಿಗೆ ಅತ್ತೆ ಕಾಣುತ್ತಿದ್ದಳು, ಗಂಡ ಕಾಣುತ್ತಿದ್ದ. ಮನೆಯವರೆಲ್ಲ ಕೂತಿರುವ ಕಡೆ ಅಕ್ಷರಕ್ಕೆ ಜಾಗವೆಲ್ಲಿ?

ಮೂರನೆಯ ದಿನ 'ಶ್ರೀ' ಕಂಡಿತು. ಹಾವು ಕಂಡವಳಂತೆ ಕಿರುಚಿದಳು.

ಅಲ್ಲಿಂದ ಅವಳಿಗೆ ಕಂಡಲ್ಲೆಲ್ಲ 'ಶ್ರೀ'. ರೊಟ್ಟಿ ಸೀದ ಕಡೆ 'ಶ್ರೀ', ಗೋಡೆಯ ಬಿರುಕಿನಲ್ಲಿ 'ಶ್ರೀ', ಕತ್ತೆಯ ಬೆನ್ನಿನ ಹುಣ್ಣಿನಲ್ಲೂ 'ಶ್ರೀ'. ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿದರು. ಪಂಡಿತ ಇದನ್ನೆಲ್ಲ ಕೇಳಿ ಹೆಮ್ಮೆಪಟ್ಟ. ಆದರೆ ನಾಲ್ಕನೆಯ ದಿನ ಬಂದವಳು ಕಲ್ಲಿನ ಮುಂದೆ ಕೂತು ಗಳಗಳನೆ ಅತ್ತಳು.

"ಅತ್ತೆ ಗೆರೆ ಕಾಣ್ತಿಲ್ಲ ಸ್ವಾಮಿ," ಎಂದಳು. "ಇಲ್ಲೇ ಇತ್ತು. ಎಷ್ಟು ನೋಡಿದ್ರೂ ಬರೀ ಅಕ್ಸರವೇ ಕಾಣ್ತದೆ."

ಪಂಡಿತ ಓದಿದ ಇನ್ನೂರು ಶಾಸನದಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

ದೇವೀರಮ್ಮ ಕಣ್ಣೊರೆಸಿಕೊಂಡಳು. ಬಂದದ್ದು ಬಂದಾಯಿತು, ಪಾಠವಾದರೂ ಮುಗಿಯಲಿ ಎಂದಳು. "ಬೇರೆ ಕಲ್ಲುಗಳಲ್ಲಿ ಕಡೇಗೆ ಏನು ಬರ್ದಿರ್ತಾರೆ ಸ್ವಾಮಿ?" ಎಂದು ಕೇಳಿದಳು.

ಪಂಡಿತನಿಗೆ ಉಸಿರು ಬಂತು. ಇದಕ್ಕೆ ಉತ್ತರ ಗೊತ್ತಿತ್ತು. "ಕಡೆಗೆ ಶಾಪವಿರುತ್ತದೆ," ಎಂದ. "ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ. ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ, ಎಂದರೆ ಮಲದಲ್ಲಿ, ಹುಳುವಾಗಿ ಬಿದ್ದಿರುತ್ತಾನೆ. ಶಾಪವಿಲ್ಲದೆ ಶಾಸನವೇ ಇಲ್ಲ."

"ಇದ್ರಲ್ಲಿ ಎಲ್ಲದೆ?"

ಶಾಪ ಇರುವುದು ಬುಡದಲ್ಲಿ. ಆ ಕಲ್ಲಿನ ಬುಡ ಒಂದು ಮೊಳದಷ್ಟು ಮಣ್ಣಿನ ಕಟ್ಟೆಯೊಳಗೆ ಹೂತಿತ್ತು. ಪಂಡಿತ ಅದನ್ನು ನೋಡಿರಲಿಲ್ಲ. ನೋಡದೆ ಬಿಡುವುದು ಪಂಡಿತನ ಜಾಯಮಾನವೂ ಅಲ್ಲ. ಕಟ್ಟೆ ಬಿಡಿಸಿದರು. ಪಟೇಲ ಬಂದ, ಊರು ಬಂತು. ಕಲ್ಲು ಹೊತ್ತ ನಾಲ್ವರು ಮುಂದೆಯೇ ನಿಂತರು. ಪಂಡಿತ ಬುಡ ತೊಳೆದು ಬಗ್ಗಿ ನೋಡಿದ. ಅಲ್ಲೂ ಗೀರುಗಳಿದ್ದವು. ಶಾಪ ಅಲ್ಲೇ ಇತ್ತು. ಅವನ ಮುಖ ಸಪ್ಪಗಾಯಿತು.

"ಓದಿ ಸ್ವಾಮಿ, ಎಲ್ರೂ ಕೇಳ್ಲಿ," ಎಂದಳು ದೇವೀರಮ್ಮ.

ಪಂಡಿತ ಪ್ರಾಮಾಣಿಕ. ಕಂಡದ್ದನ್ನು ಕಂಡಂತೆ ಓದಿದ. "ಕೆರೆಯ ತಡಿಯಿಂದ ಈ ಕಲ್ಲನ್ನು ಕದಲಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನು."

ಚಾವಡಿಯ ಸೂರಿನಲ್ಲಿ ಹಲ್ಲಿ ಲೊಚಗುಟ್ಟಿತು. ಅದು ದಿನವೂ ಲೊಚಗುಟ್ಟುತ್ತಿತ್ತು. ಅವತ್ತು ಎಲ್ಲರಿಗೂ ಕೇಳಿಸಿತು.

ಹೊತ್ತ ನಾಲ್ವರಲ್ಲಿ ಒಬ್ಬ ಹಿಂದೆ ಸರಿದ. "ನಾನು ಒಂದು ಮೂಲೆ ಮಾತ್ರ ಹಿಡ್ದಿದ್ದು," ಎಂದ.

"ಹಂಗಾದ್ರೆ ನಿಂಗೆ ಹದಿನೈದು ಸಾವಿರ ವರ್ಷ," ಎಂದ ಪಟೇಲ.

"ಹೊರ್ಸಿದೋರಿಗೆ ಎಷ್ಟು ವರ್ಸ, ಬುದ್ಧೀ?" ಎಂದು ಅವನು ಕೇಳಿದ.

ಪಟೇಲನಿಗೆ ಆಗಲೇ ಮೈಯೆಲ್ಲ ಏನೋ ಹರಿದಾಡಿದ ಹಾಗಾಗುತ್ತಿತ್ತು. ಅವನು ಲೆಕ್ಕ ಮುಂದುವರಿಸಲಿಲ್ಲ. ಹೊತ್ತು ಇಳಿಯುವ ಮುಂಚೆ ಕಲ್ಲು ಕೆರೆಯ ದಡ ಸೇರಿತು. ಮೊದಲು ಇದ್ದ ಗುಂಡಿಯಲ್ಲೇ, ಮೊದಲು ಇದ್ದ ಓರೆಯಲ್ಲೇ ಕೂತಿತು. ಓರೆ ಸರಿಯಾಗಿದೆಯೋ ಇಲ್ಲವೋ ಎಂದು ದೇವೀರಮ್ಮನನ್ನೇ ಕೇಳಿ ಕೇಳಿ ಕೂರಿಸಿದರು. ಈ ಸಲ ಪಟೇಲನೂ ಒಂದು ಕೈ ಹಾಕಿದ. ವಾಪಸು ಇಟ್ಟವನಿಗೆ ಪುಣ್ಯ ಬರುತ್ತದೋ ಎಂದು ದಾರಿಯುದ್ದಕ್ಕೂ ಪಂಡಿತನನ್ನು ಪೀಡಿಸಿದ.

ದೇವೀರಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು, ಗಂಟು ಬಿಚ್ಚಿ, ಮೊದಲ ಬಟ್ಟೆ ನೆನೆಸಿ ಎತ್ತಿದಳು. ಪಂಡಿತ ಹೌಹಾರಿದ.

"ಶಾಸನದ ಮೇಲೆ ಬಟ್ಟೆ ಬಡಿಯುತ್ತೀಯಾ!"

"ಕದಲಿಸ್ಬಾರ್ದು ಅಂತ ಬರ್ದದೆ," ಎಂದಳು ದೇವೀರಮ್ಮ. "ಒಗೀಬಾರ್ದು ಅಂತ ಎಲ್ಲದೆ, ತೋರ್ಸಿ ಸ್ವಾಮಿ."

ಪಂಡಿತ ಕಲ್ಲಿನ ಸುತ್ತ ಮಂಡಿಯೂರಿ ಹುಡುಕಿದ. ಮೇಲಿನಿಂದ ಕೆಳಗೆ ಹುಡುಕಿದ, ಕೆಳಗಿನಿಂದ ಮೇಲೆ ಹುಡುಕಿದ. ಅಂಥ ಸಾಲು ಸಿಗಲಿಲ್ಲ. ಹೇಗೆ ಸಿಗಬೇಕು? ಅವನು ಓದಿದ ಇನ್ನೂರರಲ್ಲಿ ಒಂದರಲ್ಲೂ ಬಟ್ಟೆ ಒಗೆಯುವ ಮಾತೇ ಇರಲಿಲ್ಲ. ಅವನು ಎದ್ದು ಪಕ್ಕಕ್ಕೆ ನಿಂತ. ಬಟ್ಟೆ ಬಿತ್ತು. ಮೊದಲ ಏಟಿಗೆ ಅವನ ಮುಖಕ್ಕೆ ನೀರು ಎರಚಿತು.

"ಗುರುಗಳೇ, ಕಡೆಗೆ ಏನು ಬರೆದಿರುತ್ತಾರೆ ಎಂದು ಅವಳು ಬೇಕೆಂದೇ ಕೇಳಿದಳೋ, ತಿಳಿಯದೆ ಕೇಳಿದಳೋ?" ಎಂದು ಚನ್ನವೀರ ಕೇಳಿದ.

"ಅದನ್ನು ಪಂಡಿತ ಆಮೇಲೆ ಬಹಳ ಯೋಚಿಸಿದ," ಎಂದರು ಗುರುಗಳು. "ಗೊತ್ತಾಗಲಿಲ್ಲ. ಕತೆ ಇನ್ನೂ ಸ್ವಲ್ಪ ಇದೆ."

ಮರುದಿನ ಬೆಳಗ್ಗೆ ಪಂಡಿತ ಊರು ಬಿಡುವ ಮುಂಚೆ ಸ್ನಾನಕ್ಕೆ ಹೋದ. ದೇವೀರಮ್ಮ ಕತ್ತೆಗೆ ಹುಲ್ಲು ಕೊಯ್ಯಬೇಕೆಂದು ಕಲ್ಲಿನ ಅಂಚಿಗೆ ಕುಡುಗೋಲು ಮಸೆಯುತ್ತಿದ್ದಳು. ಪಂಡಿತ ನೋಡುತ್ತ ನಿಂತ. ಅವಳು ನಾಲ್ಕು ಸಲ ಎಳೆದಳು. ಐದನೆಯ ಸಲ ಎಳೆದಾಗ ಅಲ್ಲೊಂದು 'ಮ' ಮೂಡಿತು. ಅಚ್ಚ ಹಳಗನ್ನಡದ 'ಮ'. ಎಂಟನೆಯ ಸಾಲಿನಲ್ಲಿ ಒಂದು ಪದ ಅವನಿಗೆ ಅರ್ಥವಾಗದೆ ಉಳಿದಿತ್ತು. ಆ 'ಮ' ಸೇರಿದ್ದೇ ಪದ ಪೂರ್ತಿಯಾಯಿತು, ಅರ್ಥವೂ ಆಯಿತು.

ಪಂಡಿತನಿಗೆ ಮೊದಲು ಆನಂದವಾಯಿತು. ಆಮೇಲೆ, ಆ 'ಮ' ತನ್ನ ಕಣ್ಣೆದುರೇ ಈಗ ಕುಡುಗೋಲಿನಿಂದ ಮೂಡಿದ್ದು ಎಂದು ಹೊಳೆಯಿತು.

ಅವನು ಮೇಲಿನಿಂದ ಬುಡದವರೆಗೆ ಕಲ್ಲನ್ನು ಇನ್ನೊಮ್ಮೆ ನೋಡಿದ. ಅತ್ತೆ ಕುಡುಗೋಲು ಮಸೆದದ್ದು, ಗಂಡ ಅಡಿಕೆ ಕುಟ್ಟಿದ್ದು, ಸೊಸೆ ಸಿಟ್ಟಿನಲ್ಲಿ ಹೊಡೆದದ್ದು ಎಂದು ಈಗ ಅವನಿಗೆ ಚೆನ್ನಾಗಿ ತಿಳಿದಿತ್ತು. ತಿಳಿದರೂ 'ಸ್ವಸ್ತಿ ಶ್ರೀ' ಅಳಿಯಲಿಲ್ಲ. ಕಣ್ಣು ಮುಚ್ಚಿ ತೆರೆದ. ಅಲ್ಲೇ ಇತ್ತು.

"ಇನ್ನೂ ಏನಾರ ಬರ್ದದಾ ಸ್ವಾಮಿ?" ಎಂದು ದೇವೀರಮ್ಮ ಕೇಳಿದಳು.

"ಇಲ್ಲಮ್ಮ," ಎಂದ.

ನಾನು ಓದಿದ್ದು ತಪ್ಪು, ನೀನು ಹೇಳಿದ್ದೇ ಸರಿ ಎನ್ನಬೇಕೆಂದು ಅವನಿಗಿತ್ತು. ನಾಚಿಕೆಯಿಂದ ಮಾತು ಹೊರಡಲಿಲ್ಲ. ಸ್ನಾನ ಮಾಡದೆಯೇ ಗಾಡಿ ಹತ್ತಿದ. ಆ ದಿನದಿಂದ ಯಾವ ಊರಿನಲ್ಲಿ ಯಾವ ಕಲ್ಲು ಕಂಡರೂ, ಓದುವ ಮುಂಚೆ ಇಲ್ಲಿ ಬಟ್ಟೆ ಒಗೆಯುವವರು ಯಾರು ಎಂದು ವಿಚಾರಿಸುತ್ತಿದ್ದ. ಜನ ಅವನಿಗೆ ಮಡಿ ಬಹಳ ಎಂದುಕೊಂಡರು. ಒಗೆದೂ ಒಗೆದೂ ಆ ಕಲ್ಲಿನ ಸುಣ್ಣವೆಲ್ಲ ಹೋಯಿತಂತೆ. ಅತ್ತೆಯ ಗೆರೆ ದೇವೀರಮ್ಮನಿಗೆ ಮತ್ತೆ ಕಂಡಿತೋ ಇಲ್ಲವೋ ಎಂದು ಹೋಗಿ ಕೇಳುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಆ ಹೆಂಗಸಿನಿಂದ ಅದೊಂದನ್ನು ಕಿತ್ತುಕೊಂಡೆನಲ್ಲ ಎಂಬ ಸಂಕಟ ಅವನಿಗೆ ಹಾಗೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಇನ್ನೂ ಹದಿನೈದು ಸಾವಿರ ವರ್ಷದ ಹುಳುವಿನ ಗುಂಗಿನಲ್ಲೇ ಇದ್ದ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಪಾಪ ಗುರುಗಳೇ," ಎಂದ. "ಮುಪ್ಪಿನ ಕಣ್ಣು ನೋಡಿ, ಮಂಜುಮಂಜಾಗಿ ಕಂಡಿರಬೇಕು. ನನ್ನಂಥ ಹರೆಯದವನು ಒಬ್ಬ ಪಕ್ಕದಲ್ಲಿದ್ದಿದ್ದರೆ, ಅಜ್ಜಾ ಅದು ಬರೀ ಗೀರು ಎಂದು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ."

"ಆಗ ನನಗೆ ಇಪ್ಪತ್ತಾರು ವರ್ಷ," ಎಂದರು ಗುರುಗಳು.